ಬಾಯಿ ಮೇಲಾದ ಹರಿಗೋಲು

ನಾನು ಹುಟ್ಟಿದ್ದು ಮುಶಿಗೇರಿಯಲ್ಲಿ. ಅಲ್ಲಿ ಹೊಳೆ ಇಲ್ಲ. ನೀರೆಂದರೆ ಬಾವಿಯೊಳಗೆ ಬಗ್ಗಿ ನೋಡಿದ್ದು, ಅಷ್ಟೇ. ಮದುವೆಯಾಗಿ ಕೊಣ್ಣೂರಿಗೆ ಬಂದು ಮಲಪ್ರಭೆಯನ್ನು ಮೊದಲ ಸಲ ನೋಡಿದಾಗ, ಇಷ್ಟೊಂದು ನೀರು ಯಾರಿಗೆ ಬೇಕು ಎಂದು ಅನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ.

ಗಂಡನ ಮನೆಯವರು ಹೊಳೆ ದಾಟಿಸುವವರು. ಮಾವನ ಹತ್ತಿರ ಎರಡು ಹರಿಗೋಲು ಇದ್ದವು. ಒಂದು ದೊಡ್ಡದು. ಅದರಲ್ಲಿ ಹದಿನೈದು ಮಂದಿ, ಅವರ ಜೋಳದ ಚೀಲ, ಆಡು, ಎಲ್ಲ ಹಿಡಿಯುತ್ತಿತ್ತು. ಇನ್ನೊಂದು ಸಣ್ಣದು. ರೊಟ್ಟಿ ಬುಟ್ಟಿಗೆ ಯಾಕೆ ಹುಟ್ಟು ಹಾಕುತ್ತಾರೆ ಎಂದು ನಾನು ನಕ್ಕಿದ್ದೆ. ಇಬ್ಬರು ಮಂಡಿ ಮಡಚಿ ಕೂತರೆ ತುಂಬಿತು.

ಆ ಸಣ್ಣದಕ್ಕೆ ಅವರು ಕರು ಎನ್ನುತ್ತಿದ್ದರು. ದೊಡ್ಡದು ಹೊಳೆಗೆ ಇಳಿದರೆ ಕರುವೂ ಜೊತೆಗೆ ಹೋಗಬೇಕು, ಮಗ್ಗುಲಿಗೆ ಕಟ್ಟಿಯಾದರೂ ಸರಿ, ಒಳಗೆ ಇಟ್ಟಾದರೂ ಸರಿ. ಇದರಲ್ಲಿ ದೇವರು ದಿಂಡರು ಏನೂ ಇಲ್ಲ. ಮಂದಿ ತುಂಬಿದ ದೊಡ್ಡ ಹರಿಗೋಲು ದಂಡೆಯ ತನಕ ಹೋಗುವುದಿಲ್ಲ, ಮೊಳಕಾಲು ನೀರಿನಲ್ಲಿ ಕೆಸರಿಗೆ ಕೂತುಬಿಡುತ್ತದೆ. ಗಟ್ಟಿ ಇದ್ದವರು ಇಳಿದು ನಡೆಯುತ್ತಾರೆ. ಮುದುಕಿಯರನ್ನು, ಬಸುರಿಯರನ್ನು ಅಲ್ಲಿಂದ ಒಬ್ಬೊಬ್ಬರನ್ನಾಗಿ ಕರುವಿನಲ್ಲಿ ಒಯ್ಯಬೇಕು. ಬಸುರಿ ಹೆಂಗಸು ಪರ ಗಂಡಸಿನ ಕೈ ಹಿಡಿಯುವುದಿಲ್ಲ, ಹಾಗಾಗಿ ಆ ಕೆಲಸ ಮನೆಯ ಸೊಸೆಯದು. ಮೊದಲ ದಿನ ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು, ನಾನು ವಾಂತಿ ಮಾಡಿಕೊಂಡೆ. ಅತ್ತೆ ದಂಡೆಯ ಮೇಲೆ ನಿಂತು, "ಬೀಸೂ ಕಲ್ಲ ತಿರುವೂದಲ್ಲಬೇ ಅದು, ನೀರ ನಿನ್ನ ಕಡೆ ಎಳಕೋ" ಎಂದಳು. ಅದೊಂದೇ ಮಾತು ಅವಳು ಹೇಳಿಕೊಟ್ಟಿದ್ದು. ಅದರ ಮೇಲೆ ನಾನು ನಲವತ್ತು ವರ್ಷ ಹುಟ್ಟು ಹಾಕಿದೆ.

ಇನ್ನೊಂದು ರೂಢಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ನೀರಿನಿಂದ ತೆಗೆದ ಹರಿಗೋಲನ್ನು ಬೋರಲು ಹಾಕಬೇಕು, ಬಾಯಿ ಕೆಳಗೆ. ಬಾಯಿ ಮೇಲೆ ಮಾಡಿ ಇಡುವುದು ಆ ಮನೆಯ ಅಂಬಿಗ ಸತ್ತ ದಿನ ಮಾತ್ರ. ಮಾವ ಸತ್ತಾಗ ಗಂಡ ಇಟ್ಟ. ಗಂಡ ಸತ್ತಾಗ ನಾನು ಇಟ್ಟೆ. ಸಣ್ಣದನ್ನು ಸುಲಭವಾಗಿ ಮಗುಚಿದೆ, ದೊಡ್ಡದಕ್ಕೆ ನೆರೆಯವರನ್ನು ಕರೆಯಬೇಕಾಯಿತು. ಮಕ್ಕಳಾಗಿರಲಿಲ್ಲ. ಮೂರನೆಯ ದಿನ ಸಣ್ಣದನ್ನು ಮತ್ತೆ ಬೋರಲು ಹಾಕಿದೆ. ದೊಡ್ಡದನ್ನು ಹಾಕಲಿಲ್ಲ. ಅಷ್ಟೊತ್ತಿಗೆ ಅದನ್ನು ಹತ್ತುವವರೂ ಇರಲಿಲ್ಲ. ಮೇಲ್ಗಡೆ ಸೇತುವೆ ಮೊದಲಿನಿಂದಲೂ ಇತ್ತು, ಆದರೆ ಕೆಳಗಿನ ದಂಡೆಯವರಿಗೆ ಹರಿಗೋಲೇ ಹತ್ತಿರ. ಮಂದಿಗೆ ಮೋಟಾರ್ ಸೈಕಲ್ಲು ಬಂದ ಮೇಲೆ ಸೇತುವೆ ಹತ್ತಿರವಾಯಿತು. ದೊಡ್ಡದು ಮಳೆಗೆ ಕೊಳೆತು ಒಲೆಗೆ ಹೋಯಿತು. ಕರು ಉಳಿಯಿತು. ಅದು ಉಳಿದದ್ದು ನನ್ನ ಗೆಳತಿಯ ಸಲುವಾಗಿ.

ಅವಳು ಆಚೆ ದಂಡೆಯವಳು. ಪಿಂಜಾರರ ಮನೆಯವಳು, ಗಾದಿ ತುಂಬುವುದು, ಕೌದಿ ಹೊಲಿಯುವುದು ಅವಳ ಕಸುಬು. ಹರೆಯದಲ್ಲಿ ಒಂದು ದಿನ ಹತ್ತಿಯ ಗಂಟು ಹೊತ್ತು ಬಂದು, ದೊಡ್ಡ ಹರಿಗೋಲಿನಲ್ಲಿ ಆರು ಮಂದಿಯ ಜಾಗ ಹಿಡಿದು ಕೂತಿದ್ದಳು. ಗಂಟನ್ನು ಕರುವಿನಲ್ಲಿ ಹಾಕು ಎಂದೆ. "ನನ್ನ ಹತ್ತಿ ತೋಯ್ತಂದ್ರ ನಿನ್ನ ತಲಿ ಮ್ಯಾಲೆ ಒಣಗಸ್ತೀನಿ" ಎಂದಳು. ತೋಯಲಿಲ್ಲ. ಆಮೇಲೆ ಅವಳು ದೊಡ್ಡದನ್ನು ಹತ್ತಲೇ ಇಲ್ಲ. ಗಂಟು, ಅವಳು, ನಾನು, ಮೂವರೂ ಕರುವಿನಲ್ಲಿ. ನಾನು ಹುಟ್ಟು ಹಾಕುವುದು, ಅವಳು ಬೈಯುವುದು.

ಅವಳ ಗಂಡನೂ ಹೋದ, ನನ್ನ ಗಂಡನೂ ಹೋದ. ಹೊಳೆಯಲ್ಲಿ ನೀರು ಇದ್ದ ತಿಂಗಳು ಮೂರು ದಿನಕ್ಕೊಮ್ಮೆ ನಾನು ಹರಿಗೋಲಿನಲ್ಲಿ ಅವಳ ಕಡೆ ಹೋಗುತ್ತಿದ್ದೆ, ನೀರು ಬತ್ತಿದ ತಿಂಗಳು ಉಸುಕಿನಲ್ಲಿ ನಡೆದು. ಕೆಲಸವಿತ್ತು. ಅವಳ ಕಣ್ಣು ಮಂಜಾಗಿದ್ದವು. ಬೆರಳಿನ ಅಂದಾಜಿಗೆ ಕೌದಿ ಹೊಲಿಯುತ್ತಿದ್ದಳು, ಆದರೆ ಸೂಜಿಗೆ ದಾರ ಪೋಣಿಸುವುದು ಬೆರಳಿಗೆ ಆಗುವುದಿಲ್ಲ. ನಾನು ಹೋಗಿ ಹನ್ನೆರಡು ಸೂಜಿ ಪೋಣಿಸಿ, ಒಂದು ಗಂಟುಬಟ್ಟೆಗೆ ಸಾಲಾಗಿ ಚುಚ್ಚಿ ಬರುತ್ತಿದ್ದೆ. ಅದು ಅವಳಿಗೆ ಮೂರು ದಿನಕ್ಕೆ ಸಾಕು. ಸೂಜಿ ಮುಗಿದರೆ ದಂಡೆಗೆ ಬಂದು ತಾಟು ಬಡಿಯುತ್ತಿದ್ದಳು. ನನ್ನ ಮನೆ ಹೊಳೆಗೆ ಅಂಟಿಕೊಂಡೇ ಇದೆ, ಕೇಳಿಸುತ್ತಿತ್ತು.

"ಸತ್ತೀಯೇನ?" ಎಂದು ಅವಳು ಆಚೆಯಿಂದ ಕೂಗುವಳು.

"ಇನ್ನೂ ಇಲ್ಲ. ನೀ?" ಎಂದು ನಾನು ಈಚೆಯಿಂದ.

"ಸೂಜಿ ಮುಗದಾವು. ಸಾಯಾಕ ಪುರಸತ್ತ ಐತಿ."

ಬೇರೆ ಯಾರ ಹತ್ತಿರವೂ ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲವು ದಿನ ನಾನು ಆಡಿದ ಮಾತೆಲ್ಲ ಹೊಳೆ ದಾಟಿ ಹೋದ ಮಾತೇ.

ಈ ಸಲದ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರು. ಸೇತುವೆ ಮುಳುಗಿತು. ಅದು ಹೊಸದಲ್ಲ, ಜೋರು ಮಳೆಯ ವರ್ಷ ಅದು ಮುಳುಗುವುದೇ. ನಮ್ಮನ್ನು ಶಾಲೆಯಲ್ಲಿ ಇಟ್ಟು ಅನ್ನ ಹಾಕಿದರು. ನೀರು ಇಳಿದ ಮೇಲೆ ನೋಡಿದರೆ ಸೇತುವೆ ಗಟ್ಟಿಯಾಗಿ ನಿಂತಿದೆ, ಆಚೆ ತುದಿಯಲ್ಲಿ ಅದಕ್ಕೆ ಹತ್ತುವ ರಸ್ತೆ ಇಲ್ಲ. ಕೊಚ್ಚಿ ಹೋಗಿತ್ತು. ಸೇತುವೆ ಹೊಳೆಯ ಮೇಲೆ ಬಂದು ಗಾಳಿಯಲ್ಲಿ ಮುಗಿಯುತ್ತಿತ್ತು.

ನನ್ನ ಮನೆಯಲ್ಲಿ ಕೆಸರು ತುಂಬಿತ್ತು, ಗೋಡೆ ನಿಂತಿದ್ದವು. ಹರಿಗೋಲನ್ನು ನಾನು ಬೇವಿನ ಮರಕ್ಕೆ ಎತ್ತರದಲ್ಲಿ ಕಟ್ಟಿ ಹೋಗಿದ್ದೆ, ಅದೂ ಇತ್ತು. ಗೆಳತಿಯ ಮನೆ ದಿಬ್ಬದ ಮೇಲೆ, ಆದರೂ ಅವಳ ಒಂದು ಗೋಡೆ ಕುಸಿದಿತ್ತು. ಅವಳ ಮಗಳು ಗಜೇಂದ್ರಗಡದಲ್ಲಿ ಇದ್ದಾಳೆ, ಮಗ್ಗದ ಮನೆ. ಸೋಮವಾರ ಚಹಾದ ಅಂಗಡಿಯವನ ಫೋನಿಗೆ ಆ ಮಗಳು ಫೋನು ಮಾಡಿ ನನ್ನನ್ನು ಕರೆಸಿದಳು.

"ಅವ್ವನ್ನ ಗುರುವಾರ ಕರಕೊಂಡ ಹೊಂಟೀವ್ರಿ. ಮತ್ತ ಅಲ್ಲಿಗೆ ಕಳಸೂದಿಲ್ಲ. ಬಾದಾಮಿ ಕಡೀಂದ ಟೆಂಪೋ ತರ್ತೀವಿ. ನಿಮಗ ಹೇಳು ಅಂದ್ಲು."

"ಎಷ್ಟೊತ್ತಿಗೆ?" ಎಂದೆ.

"ಮಧ್ಯಾಹ್ನ ಆಕ್ಕೈತ್ರಿ."

ಗುರುವಾರದೊಳಗೆ ನಾನು ಆಚೆ ಹೋಗಬೇಕಿತ್ತು. ಹೋಗಿ ಏನು ಮಾಡಬೇಕು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಅವಳ ಎದುರಿಗೆ ಕೂತು ಹನ್ನೆರಡು ಸೂಜಿ ಪೋಣಿಸಿ ಎದ್ದು ಬರಬೇಕು, ಅಷ್ಟೇ.

ಹೊಳೆ ಇನ್ನೂ ಕೆಂಪಗೆ ಸೆಳೆಯುತ್ತಿತ್ತು. ನಡುವಿನ ಸೆಳವನ್ನು ದಾಟುವ ಕಸುವು ನನ್ನ ತೋಳಿನಲ್ಲಿ ಇರಲಿಲ್ಲ. ನಲವತ್ತು ವರ್ಷ ಹುಟ್ಟು ಹಾಕಿದವಳಿಗೆ ತನ್ನ ತೋಳಿನ ಸುಳ್ಳು ಗೊತ್ತಾಗುತ್ತದೆ. ಆದರೆ ಅಷ್ಟೊತ್ತಿಗಾಗಲೇ, ರಸ್ತೆ ಆಗುವ ತನಕ ಮಂದಿಯನ್ನು ದಾಟಿಸಲೆಂದು ಒಂದು ಖೋಲಿ ದೋಣಿ ಬಂದಿತ್ತು.

ನರಗುಂದದ ಕಡೆಯ ಒಬ್ಬ ವ್ಯಾಪಾರಿ ಅದನ್ನು ಯಾವುದೋ ಅಣೆಕಟ್ಟೆಯ ಹಿನ್ನೀರಿನಿಂದ, ಪ್ರವಾಸಿಗರನ್ನು ತಿರುಗಿಸುವವರ ಹತ್ತಿರ ಕೊಂಡಿದ್ದನಂತೆ. ಲಾರಿಯ ಮೇಲೆ ತಂದು ಇಳಿಸಿದರು. ಬಿಳಿ ದೋಣಿ, ನೀಲಿ ಪಟ್ಟಿ. ಮುಂದೆ ಕೋಳಿ ಗೂಡಿನಷ್ಟು ಒಂದು ಖೋಲಿ, ಅದಕ್ಕೆ ಗಾಜಿನ ಕಿಟಕಿ, ಒಳಗೆ ಹರಿದ ಮೆತ್ತೆ. ಹಿಂದೆ ಬಾಲದ ಹತ್ತಿರ ಒಂದು ಕಟ್ಟೆ, ಅದಕ್ಕೆ ತಗಡು ಹೊದಿಸಿದ್ದರು. ಅದು ಏತಕ್ಕೆ ಎಂದು ಕೇಳಿದೆ. ನೀರಿನ ಮೇಲೆ ಓಡುವ ಮೋಟಾರ್ ಸೈಕಲ್ಲು ಇರುತ್ತದಂತೆ, ಒಬ್ಬರೇ ಹತ್ತುವುದು. ಸಾಹುಕಾರರು ಈ ದೋಣಿಯಲ್ಲಿ ನಡುನೀರಿಗೆ ಹೋಗಿ, ಆ ಸೈಕಲ್ಲನ್ನು ಕಟ್ಟೆಯಿಂದ ಇಳಿಸಿ ಆಡುತ್ತಾರಂತೆ. ಸೈಕಲ್ಲು ಬೇರೆ ಯಾರಿಗೋ ಹೋಗಿತ್ತು, ಕಟ್ಟೆ ಖಾಲಿ ಬಂದಿತ್ತು.

ಅವರೂ ಕರು ಬಿಟ್ಟು ಹೋಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ದೋಣಿ ನಡೆಸುವವನು ನಮ್ಮೂರಿನ ಟ್ರ್ಯಾಕ್ಟರ್ ಡ್ರೈವರ್. ಎರಡು ದಿನ ಕಲಿತು ನಡೆಸುತ್ತಿದ್ದ. ತಿರುಗಿಸುವಾಗ ಹಿಂದೆ ಟ್ರೇಲರ್ ಇದ್ದಂತೆ ಹೊರಳಿ ನೋಡುತ್ತಿದ್ದ. ಈಚೆಯ ದಂಡೆಯಿಂದ ಆಚೆಯ ಕಲ್ಲಿನ ಮೆಟ್ಟಿಲಿನ ತನಕ ಅವನ ದಾರಿ. ಗೆಳತಿಯ ಮನೆ ಆ ಮೆಟ್ಟಿಲಿನಿಂದ ಅರ್ಧ ಮೈಲು ಕೆಳಗೆ. ನಡುವೆ ಒಂದು ಹಳ್ಳ, ಅದು ತುಂಬಿ ನಿಂತಿತ್ತು, ನಡೆದು ಹೋಗುವಂತಿರಲಿಲ್ಲ. ಅವಳ ದಿಬ್ಬದ ಮುಂದೆ ಹೊಲದ ತುಂಬ ಎದೆಮಟ್ಟ ನೀರು, ಒಳಗೆ ಜಾಲಿ ಮುಳ್ಳು. ಆ ನೀರಿಗೆ ಖೋಲಿ ದೋಣಿ ಹೋಗಲಾರದು, ನೀರೊಳಗೆ ತಿರುಗುವ ಅದರ ರೆಕ್ಕೆಗೆ ಮುಳ್ಳು ಸುತ್ತಿಕೊಳ್ಳುತ್ತದೆ. ಹರಿಗೋಲು ಹೋಗುತ್ತದೆ. ನಡುವಿನ ಸೆಳವಿಗೆ ಹರಿಗೋಲು ಹೋಗಲಾರದು, ಖೋಲಿ ದೋಣಿ ಹೋಗುತ್ತದೆ.

ಮಂಗಳವಾರ ಬೆಳಿಗ್ಗೆ ಹರಿಗೋಲನ್ನು ತಲೆಯ ಮೇಲೆ ಹೊತ್ತು ದೋಣಿಯ ಹತ್ತಿರ ಹೋದೆ. ಹೊತ್ತಾಗ ಮುಖ ಕಾಣುವುದಿಲ್ಲ, ಕಾಲು ಮಾತ್ರ.

"ಆಮಿ ನಡಕೊಂತ ಬಂತ ನೋಡ್ರಿ" ಎಂದ ಡ್ರೈವರ್.

"ಆಮಿ ಅಲ್ಲ, ನಿಮ್ಮಜ್ಜಿ. ಇದನ್ನ ಹಿಂದ ಕಟ್ಟಿಮ್ಯಾಲೆ ಇಡ್ತೀನಿ. ಆಚೆ ಹೊಲದ ಎದುರು ಹೋಗಿ ನಿಲ್ಲು. ಅಲ್ಲಿಂದ ನಾ ಹೊಕ್ಕೀನಿ."

"ಮಂದಿ ಕುಂತಿರ್ತಾರಬೇ. ನಿನ್ನ ಬುಟ್ಟಿ ಸಲುವಾಗಿ ಅರ್ಧ ಮೈಲ ಕೆಳಗ ಹೋಗ್ಲಿ?"

"ನಿಮ್ಮವ್ವ ನಿನ್ನ ಹೊಟ್ಟ್ಯಾಗ ಇಟಗೊಂಡ ಈ ಬುಟ್ಟ್ಯಾಗ ದಾಟ್ಯಾಳ. ಕೆಸರನ್ಯಾಗ ಆಕಿನ ಕೈ ಹಿಡದಾಕಿ ನಾನು. ಕೇಳ ಹೋಗು."

ಅವನು ಕೇಳಲು ಹೋಗಲಿಲ್ಲ. ತಲೆ ಕೆರೆದುಕೊಂಡು, "ಇಡು" ಎಂದ.

ನಾನು ರೂಢಿಯಂತೆ ಬೋರಲು ಹಾಕಿ, ಹಗ್ಗ ಬಿಗಿದೆ. ದೋಣಿ ನಡುಹೊಳೆಗೆ ಬರುತ್ತಲೇ ಗಾಳಿ ಅಡಿಯಿಂದ ಹೊಕ್ಕು ಹರಿಗೋಲನ್ನು ಪಾತ್ರೆಯ ಮುಚ್ಚಳದಂತೆ ಎತ್ತಿತು. ಹಗ್ಗ ಹರಿಯಿತು. ಅದು ಹಾರಿ ನೀರಿಗೆ ಬಿದ್ದು ತಿರುಗುತ್ತ ಹೊರಟಿತು. ಡ್ರೈವರ್ ಅದರ ಹಿಂದೆ ದೋಣಿ ಬಿಟ್ಟು ಕೊಕ್ಕೆ ಹಾಕಿ ಹಿಡಿದ. ಹಿಡಿಯುವಾಗ ಕೊಕ್ಕೆ ತಳದ ತಾಡಪತ್ರಿಗೆ ತೂತು ಮಾಡಿತು. ಆ ದಿನ ಅಲ್ಲಿಗೆ ಮುಗಿಯಿತು.

"ಬಾಯಿ ಮ್ಯಾಲೆ ಮಾಡಿ ಇಡಬೇಕಿತ್ತ" ಎಂದ ಅವನು.

"ಇಡೂದಿಲ್ಲ" ಎಂದೆ.

"ಹಂಗಾರ ಅದು ಹಾರತೈತಿ. ನನಗೇನು."

ಮನೆಗೆ ಬಂದು ಯೋಚನೆ ಮಾಡಿದೆ. ಅವನು ಹೇಳಿದ್ದು ಖರೆ. ಬೋರಲು ಹಾಕುವುದು ನೆಲದ ಮೇಲಿನ ಮಾತು, ಓಡುವ ದೋಣಿಯ ಮೇಲಿನದಲ್ಲ. ಗುರುವಾರ ಬಾಯಿ ಮೇಲೆ ಮಾಡಿ ಇಡುವುದೆಂದು ಮನಸ್ಸು ಮಾಡಿದೆ. ಅಂಬಿಗರೆಲ್ಲ ಸತ್ತೇ ಹೋಗಿದ್ದಾರೆ, ಇನ್ನು ಯಾರಿಗೆ ಅಪಶಕುನ.

ಬುಧವಾರ ತೂತು ಮುಚ್ಚುವ ಕೆಲಸ. ಸೇತುವೆಯ ರಸ್ತೆಯ ರಿಪೇರಿಗೆಂದು ಡಾಂಬರಿನ ಪೀಪಾಯಿ ತಂದು ಇಟ್ಟಿದ್ದರು. ಒಂದು ಡಬ್ಬಿ ಬೇಡಿ ತಂದೆ, ಕಾಸಿದೆ. ತೂತಿಗೆ ಬಟ್ಟೆ ಹಚ್ಚಿ ಬಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು, ಇಡೀ ತಳಕ್ಕೆ ಬಳಿದೆ.

ಡಾಂಬರು ಹಚ್ಚಿದ ಮೇಲೆ ಅದರ ಮೇಲೆ ಒಣ ಉಸುಕು ಉದುರಿಸಬೇಕು, ಇಲ್ಲವೇ ಒಲೆಯ ಬೂದಿ. ಅದು ಬಿದ್ದರೆ ಡಾಂಬರು ಅಂಟು ಬಿಡುತ್ತದೆ. ಮಾವ ಉಸುಕು ಹಾಕದೆ ಹರಿಗೋಲನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಉಸುಕೆಲ್ಲ ನೀರಿನ ಅಡಿಗೆ ಇತ್ತು. ಬೂದಿ ಒಲೆಯಲ್ಲಿಯೇ ಇತ್ತು, ಎರಡು ಮೊರದಷ್ಟು. ನಾನು ಹಾಕಲಿಲ್ಲ. ಬೂದಿ ಬಿದ್ದರೆ ಹರಿಗೋಲು ಬೆಳ್ಳಗಾಗುತ್ತದೆ, ಹೊಸ ನೀರಿನ ಬಣ್ಣದಲ್ಲಿ ಕಾಣುವುದಿಲ್ಲ. ಕರ್ರಗೆ ಹೊಳೆಯುತ್ತಿದ್ದರೆ ಅವಳ ಮಂಜು ಕಣ್ಣಿಗೂ ದೂರದಿಂದ ಕಂಡೀತು, ನಾನು ಬರುವುದನ್ನು ನೋಡಿಯಾಳು ಎಂದುಕೊಂಡೆ. ಈ ತಪ್ಪನ್ನು ಹೊಳೆಯ ಮೇಲೆ ಬದುಕಿದವರು ಯಾರೂ ಮಾಡುವುದಿಲ್ಲ. ನಾನು ಮಾಡಿದೆ.

ಗುರುವಾರ ಎಂಟು ಗಂಟೆಗೆ ದೋಣಿಯ ಹತ್ತಿರ ಇದ್ದೆ. ನಾಲ್ಕು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ದಾರದ ಉಂಡೆ, ಸೂಜಿ, ಇಷ್ಟು ಗಂಟಿನಲ್ಲಿ ಇತ್ತು. ಹರಿಗೋಲನ್ನು ಕಟ್ಟೆಯ ಮೇಲೆ ಬಾಯಿ ಮೇಲೆ ಮಾಡಿ ಇಟ್ಟೆ. ತಳ ತಗಡಿನ ಮೇಲೆ ಸರಿಯಾಗಿ ಕೂತಿತು. ಎರಡು ಹಗ್ಗ ಬಿಗಿದೆ.

"ಈಗ ಬುದ್ಧಿ ಬಂತ ನೋಡು ಮುದಿಕಿಗೆ" ಎಂದ ಡ್ರೈವರ್.

ಒಂಬತ್ತಕ್ಕೆ ಬಿಡಬೇಕಿತ್ತು. ರಸ್ತೆ ನೋಡುವ ಸಾಹೇಬರು ಬರುತ್ತಾರೆ, ಅವರನ್ನು ಕೂರಿಸಿಕೊಂಡು ಬಿಡು ಎಂದು ಮಾಲೀಕ ಹೇಳಿ ಕಳಿಸಿದ. ಹತ್ತಾಯಿತು, ಹನ್ನೊಂದಾಯಿತು. ಇಷ್ಟು ದಿನ ಮುಖ ತೋರಿಸದ ಬಿಸಿಲು ಅಂದು ಮೋಡ ಬಿಟ್ಟು ಹೊರಬಿದ್ದಿತು. ಡ್ರೈವರ್ ಇಂಜಿನ್ನು ಚಾಲೂ ಇಟ್ಟೇ ಕೂತಿದ್ದ, ಬಂದ್ ಮಾಡಿದರೆ ಮತ್ತೆ ಹತ್ತುವುದಿಲ್ಲ ಎಂದು ಅವನ ಹೆದರಿಕೆ. ಆ ಇಂಜಿನ್ನಿನ ಹೊಗೆ ಕೊಳವೆ ಹಿಂದಿನ ಕಟ್ಟೆಯ ಅಡಿಗೇ ಹೋಗುತ್ತದೆ. ಅದನ್ನು ನಾನು ನೋಡಿರಲಿಲ್ಲ. ನೋಡಿದ್ದರೂ ನನ್ನ ತಲೆಯಲ್ಲಿ ಹೊಳೆಯುತ್ತಿತ್ತೋ ಇಲ್ಲವೋ. ಟೆಂಪೋ ಬಂದುಬಿಟ್ಟೀತು ಎನ್ನುವುದೊಂದೇ ಇತ್ತು.

ಸಾಹೇಬರು ಬರಲೇ ಇಲ್ಲ. ಹನ್ನೆರಡರ ಸುಮಾರಿಗೆ ಬಿಟ್ಟ. ನಾನು, ಇಬ್ಬರು ಮಾಸ್ತರರು, ಕೂಸು ಎತ್ತಿಕೊಂಡ ಒಬ್ಬಾಕೆ. ನಡುಹೊಳೆಯಲ್ಲಿ ದೋಣಿ ಅಡ್ಡ ವಾಲಿದಾಗ ಆಕೆ ನನ್ನ ಸೆರಗು ಹಿಡಿದಳು. ನಾನು ಹಿಂದೆ ಹರಿಗೋಲನ್ನು ನೋಡುತ್ತ ಕೂತಿದ್ದೆ. ಮಿಸುಕಲಿಲ್ಲ. ಗಾಳಿಗೆ ಒಂದಿಷ್ಟೂ ಮಿಸುಕಲಿಲ್ಲ, ಚಲೋ ಕಟ್ಟಿದ್ದೇನೆ ಎಂದುಕೊಂಡೆ.

ಡ್ರೈವರ್ ಮಾತಿಗೆ ತಪ್ಪಲಿಲ್ಲ. ಮೆಟ್ಟಿಲು ಬಿಟ್ಟು ಕೆಳಗೆ ಬಂದು ಗೆಳತಿಯ ಹೊಲದ ಎದುರು ನಿಂತ. ನೀರಿನಾಚೆ ಅವಳ ದಿಬ್ಬ ಕಾಣುತ್ತಿತ್ತು. ಹಿಂದಿನ ದಾರಿಯಲ್ಲಿ ಟೆಂಪೋ ನಿಂತಿತ್ತು. ಮಗಳು, ಅಳಿಯ ಸಾಮಾನು ಹೇರುತ್ತಿದ್ದರು. ಅವಳು ಮನೆಯ ಮುಂದೆ ಕಲ್ಲಿನ ಮೇಲೆ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಳು.

ಹಗ್ಗ ಬಿಚ್ಚಿ ಹರಿಗೋಲನ್ನು ಎತ್ತಿದೆ. ಬರಲಿಲ್ಲ. ಇನ್ನೂ ಒಂದು ಹಗ್ಗ ಇದೆಯೇನೋ ಎಂದು ಕೈಯಾಡಿಸಿ ನೋಡಿದೆ, ಇರಲಿಲ್ಲ. ಬಗ್ಗಿದಾಗ ತಗಡಿನ ಕಾವು ಮುಖಕ್ಕೆ ಹೊಡೆಯಿತು. ಅಂಚಿನ ಸುತ್ತ ಡಾಂಬರು ಕರಗಿ ಹರಿದು, ಬೆಲ್ಲದ ಪಾಕದಂತೆ ತಗಡಿನ ಮೇಲೆ ಕೂತಿತ್ತು. ನೋಡಿದ ಕೂಡಲೇ ನನಗೆ ಬೂದಿ ನೆನಪಾಯಿತು.

ಡ್ರೈವರ್ ಬಂದು ಎಳೆದ. ಒಬ್ಬ ಮಾಸ್ತರರೂ ಅಂಗಿಯ ತೋಳು ಏರಿಸಿ ಕೈ ಹಚ್ಚಿದರು. ಬಿದಿರು ಕಿರಗುಟ್ಟಿತು. ತಳದ ತಾಡಪತ್ರಿ ಹರಿಯುವ ಸದ್ದು ಕೇಳಿ ನಾನು ಸಾಕು ಎಂದೆ. ತಳ ಹರಿದ ಹರಿಗೋಲಿನಲ್ಲಿ ಹೋಗುವುದಕ್ಕಿಂತ ಸೀರೆ ಉಟ್ಟು ನೀರಿಗೆ ಇಳಿಯುವುದು ಮೇಲು.

"ಪೆಟ್ರೋಲ್ ಸುರವಿದ್ರ ಬಿಡತೈತಿ" ಎಂದ ಡ್ರೈವರ್.

"ಇಂಜಿನ್ ಕಾದೈತಪ್ಪ, ಎಲ್ಲಾರನೂ ಸುಡತೀಯೇನ?" ಎಂದರು ಮಾಸ್ತರರು.

ತಂಬಿಗೆಯಿಂದ ಹೊಳೆಯ ನೀರು ಮೊಗೆದು ತಗಡಿನ ಮೇಲೆ ಹೊಯ್ದೆ. ಚುರ್ ಎಂದು ಉಗಿ ಎದ್ದಿತು. ಹೊಯ್ಯುತ್ತಲೇ ಇದ್ದೆ. ತಣ್ಣಗಾದರೆ ಡಾಂಬರು ಕಲ್ಲಾಗುತ್ತದೆ, ಆಗ ಒಂದೇಟು ಬಡಿದರೆ ಕಳಚುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ಕೂಸಿನ ತಾಯಿ, "ಬಿಸಲಾಗ ಕೂಸ ಬಾಡತೈತ್ರಿ" ಎಂದಳು. ಆಕೆಯದು ತಪ್ಪಿಲ್ಲ.

ಅಷ್ಟರಲ್ಲಿ ಆಚೆಯಿಂದ ಕೂಗು ಬಂತು. ದೋಣಿಯ ಸದ್ದು ಕೇಳಿಸಿರಬೇಕು.

"ಯಾರದು?"

"ನಾನ. ಸತ್ತೀಯೇನ?"

"ಇನ್ನೂ ಇಲ್ಲ. ಟೆಂಪೋದಾಗ ಸಾಯ್ತೀನಿ. ನೀ ಯಾವಾಗ ಬರ್ತಿ? ಇವರು ಅವಸರ ಮಾಡಾಕತ್ತಾರ."

"ಬರಾಕ ಆಗವಲ್ದು. ಅಂಟೇತಿ."

"ಏನ ಅಂಟೇತಿ? ನಿನ್ನ ಕುಂಡಿ?"

ಮಾಸ್ತರರು ಆಚೆ ಮುಖ ಮಾಡಿದರು.

"ಹರಗೋಲ. ಡಾಂಬರ ಕರಗಿ ದೋಣಿಗೆ ಅಂಟೇತಿ."

"ಬೂದಿ ಹಾಕಿಲ್ಲೇನ?"

"ಇಲ್ಲ."

ನಗುತ್ತಿದ್ದಾಳೆ ಎಂದುಕೊಂಡೆ. ಅವಳು ನಗುವಾಗ ತೊಡೆ ಬಡಿದುಕೊಳ್ಳುತ್ತಾಳೆ, ಈಗ ಕೈ ಎತ್ತಲಿಲ್ಲ.

"ಪಿಂಜಾರಾಕಿಗೂ ಗೊತ್ತೈತಿ ಬೂದಿ ಹಾಕೂದು" ಎಂದಳು.

"ಹೌದು."

"ನೀ ಎಲ್ಲಿ ನಿಂತಿ? ನನಗ ಬರೇ ಬೆಳ್ಳಂದು ಕಾಣತೈತಿ."

"ಅದು ದೋಣಿ. ಅದರ ಹಿಂದ ಕರ್ರಂದು ಐತಲ್ಲ, ಅದರ ಬಾಜೂಕ ನಾ."

"ಕರ್ರಂದು ಕಾಣವಲ್ದು."

ಕಾಣುವಂತಿರಲಿಲ್ಲ. ಹೊಳೆಯುವುದು ತಳ, ತಳ ತಗಡಿಗೆ ಅಂಟಿತ್ತು, ನೀರಿಗೆ ಇಳಿದಿದ್ದರೂ ಅಡಿಗೇ ಇರುತ್ತಿತ್ತು. ಮೇಲಕ್ಕೆ ಕಾಣುವುದು ಹಳೆಯ ಬಿದಿರು ಮಾತ್ರ.

"ಸೂಜಿ ಎಷ್ಟ ಉಳದಾವು?" ಎಂದು ಕೇಳಿದೆ.

"ಎರಡ. ಒಂದರಾಗ ಗೇಣ ದಾರ ಐತಿ."

"ದಾರ ತಂದೇನಿ."

"ನಿನ್ನ ಹತ್ರ ಇಟ್ಕೋ. ನಿನ್ನ ಕೌದಿ ಹರದಿರಬೇಕು, ಹೊಲಕೋ. ನಿನಗ ಹೊಲಿಯಾಕ ಬರೂದಿಲ್ಲ, ಆದ್ರೂ."

ಮಗಳು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಅವಳು ಎದ್ದು, ದೋಣಿ ಇದ್ದಲ್ಲಿಗೆ ಅಲ್ಲ, ಸ್ವಲ್ಪ ಮೇಲ್ಗಡೆಗೆ, ಮೊದಲು ನಾನು ಈಚೆ ದಂಡೆಯಲ್ಲಿ ನಿಲ್ಲುತ್ತಿದ್ದ ಜಾಗದ ಕಡೆಗೆ ಮುಖ ಮಾಡಿ, "ಹೊಂಟೆ" ಎಂದಳು.

"ಹೋಗು" ಎಂದೆ.

ಅವಳನ್ನು ಟೆಂಪೋದ ಮುಂದೆ ಕೂರಿಸಲಿಲ್ಲ. ಅಲ್ಲಿ ಸಾಮಾನು ಇತ್ತೋ ಏನೋ. ಹಿಂದೆ ಗಾದಿಗಳ ಮೇಲೆ ಕೂರಿಸಿದರು. ಜಾಲಿ ಮರಗಳ ಆಚೆ ಹೋಗುವವರೆಗೆ ಅವಳ ತಲೆ ಕಾಣುತ್ತಿತ್ತು. ನಾನು ತಂಬಿಗೆ ಹಿಡಿದೇ ನಿಂತಿದ್ದೆ.

ಡ್ರೈವರ್ ದೋಣಿಯನ್ನು ಮೆಟ್ಟಿಲಿಗೆ ತಂದು ಮಂದಿಯನ್ನು ಇಳಿಸಿದ. ತಿರುಗಿ ಬರುವಾಗ ನಾವಿಬ್ಬರೇ. ರೊಟ್ಟಿಯ ಗಂಟು ಬಿಚ್ಚಿ ಅವನಿಗೆ ಎರಡು ಕೊಟ್ಟೆ, ನಾನು ಎರಡು ತಿಂದೆ. ಹಸಿವಾಗಿತ್ತು. ಅವನು ಏನಾದರೂ ಅನ್ನಬೇಕೆಂದು ಬಾಯಿ ತೆರೆದು, ಚಟ್ನಿ ಚಲೋ ಆಗಿದೆ ಎಂದ.

ಈಚೆ ದಂಡೆಗೆ ಬರುವ ಹೊತ್ತಿಗೆ ತಗಡು ಆರಿತ್ತು. ಅವನು ಸುತ್ತಿಗೆ ತಂದ.

"ಈಗ ಬಿಡತೈತಿ. ಬಡೀಲಿ?"

"ಬ್ಯಾಡ" ಎಂದೆ.

"ಮತ್ತ ನಾಳೆ ಬಿಸಲಿಗೆ ಅಂಟತೈತಿ."

"ಅಂಟ್ಲಿ. ನನಗೆಲ್ಲಿ ಹೋಗೂದೈತಿ."

ಹುಟ್ಟನ್ನು ಮಾತ್ರ ತೆಗೆದುಕೊಂಡು ಮನೆಗೆ ಬಂದೆ. ಸಂಜೆ ತಾಟಿನ ಸದ್ದು ಕೇಳಿದಂತಾಗಿ ಹೊರಗೆ ಹೋದೆ. ನೆರೆಯವಳು ಪಾತ್ರೆ ತಿಕ್ಕುತ್ತಿದ್ದಳು.

ರಸ್ತೆ ಆಗುವ ತನಕ ಆ ದೋಣಿ ಓಡಿತು, ಹರಿಗೋಲನ್ನು ಬೆನ್ನ ಮೇಲೆ ಹೊತ್ತುಕೊಂಡೇ. ಮಂದಿ ಅದರಲ್ಲಿ ಚೀಲ ಇಟ್ಟರು, ಕೋಳಿ ಇಟ್ಟರು. ಒಮ್ಮೆ ಯಾರದೋ ಮಗುವನ್ನು ಅದರಲ್ಲಿ ಮಲಗಿಸಿದ್ದನ್ನು ದಂಡೆಯಿಂದ ನೋಡಿದೆ. ಉಪಯೋಗಕ್ಕೆ ಬಂತು. ಹೊಳೆ ದಾಟಿತು, ನಾನಿಲ್ಲದೆ, ದಿನಕ್ಕೆ ಎಂಟು ಸಲ.

ಸೇತುವೆಗೆ ರಸ್ತೆ ಕೂಡಿದ ಮೇಲೆ ದೋಣಿಯನ್ನು ಒಯ್ಯಲು ಲಾರಿ ಬಂತು. ಜೆಸಿಬಿ ಎತ್ತಿ ಇಟ್ಟಿತು. ಅದರ ಜೊತೆಗೆ ಹರಿಗೋಲೂ ಮೇಲೆ ಹೋಯಿತು. ಡ್ರೈವರ್ ನನ್ನ ಮನೆಯ ತನಕ ಓಡಿ ಬಂದ.

"ಅಜ್ಜೀ, ಲಗೂ ಬಾ. ಒಯ್ಯಾಕತ್ತಾರ. ಮುಂಜಾನಿ ತಂಪೈತಿ, ಒಂದ ಏಟಿಗೆ ಬಿಡತೈತಿ. ಮಾಲಕಗ ಹೇಳೇನಿ, ತಡೀತಾನ."

ಅವನು ಒಳ್ಳೆಯವನು. ನಾನು ರಸ್ತೆಯ ತನಕ ಹೋದೆ. ಮಾಲೀಕ ಲಾರಿಯ ಬಾಗಿಲಿನಿಂದ ಬಗ್ಗಿ, "ನಿಮ್ಮದೇನ್ರಿ ಅದು? ತಗೋರಿ, ನಮಗ ಬ್ಯಾಡ" ಎಂದ.

ಮೇಲೆ ನೋಡಿದೆ. ಬಿಳಿ ದೋಣಿಯ ಹಿಂದೆ ಹರಿಗೋಲು ಬಾಯಿ ಮೇಲೆ ಮಾಡಿ ಕೂತಿತ್ತು. ಒಳಗೆ ಮಳೆಯ ನೀರು ನಿಂತಿತ್ತೇನೋ, ಲಾರಿ ಅಲುಗಿದಾಗ ಅಂಚಿನಿಂದ ಸ್ವಲ್ಪ ಚೆಲ್ಲಿತು. ಇಳಿಸಿಕೊಂಡರೆ ಮತ್ತೆ ಬೋರಲು ಹಾಕಬೇಕು, ಮಳೆಗಾಲಕ್ಕೆ ಮುಂಚೆ ಡಾಂಬರು ಹಚ್ಚಬೇಕು, ಬೂದಿ ಹಾಕಬೇಕು. ಹಾಕಿ, ಆಚೆ ಯಾರ ಹತ್ತಿರ ಹೋಗಬೇಕು.

"ಇರ್ಲಿ ಬಿಡ್ರಿ. ಒಯ್ಯಿರಿ" ಎಂದೆ. "ದೋಣಿ ಕರು ಬಿಟ್ಟ ಹೋಗಬಾರದು."

ಅವನಿಗೆ ತಿಳಿಯಲಿಲ್ಲ. ಲಾರಿ ನರಗುಂದದ ಕಡೆ ಹೋಯಿತು.

ಗಜೇಂದ್ರಗಡ ದೂರವೇನಲ್ಲ. ಇಲ್ಲಿಂದ ನರಗುಂದಕ್ಕೆ ಒಂದು ಬಸ್ಸು, ಅಲ್ಲಿಂದ ರೋಣಕ್ಕೆ, ರೋಣದಿಂದ ಗಜೇಂದ್ರಗಡಕ್ಕೆ. ಸುಗ್ಗಿ ಮುಗಿದ ಮೇಲೆ ಒಂದು ದಿನ ಹೋದೆ. ಹೋಗುವ ಮುಂಚೆ ಹನ್ನೆರಡು ಸೂಜಿ ಪೋಣಿಸಿ ಬಟ್ಟೆಗೆ ಚುಚ್ಚಿಕೊಂಡಿದ್ದೆ. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಮಂದಿಯ ಗರ್ದಿಗೆ ಒಂದು ನನಗೇ ಚುಚ್ಚಿತು.

ಮಗಳ ಮನೆಯಲ್ಲಿ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಗೆಳತಿ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದಳು. ಮೈಯಲ್ಲಿ ಸ್ವಲ್ಪ ತುಂಬಿಕೊಂಡಿದ್ದಳು. ಚಲೋ ನೋಡಿಕೊಂಡಿದ್ದರು. ನಾನು ಅವಳ ಪಕ್ಕ ಕೂತೆ. ಚಹಾ ಬಂತು, ಸಕ್ಕರೆ ಕಡಿಮೆ ಇತ್ತು. ಹೊಳೆಯ ಅಗಲಕ್ಕೆ ಕೂಗಿ ಕೂಗಿ ನಮಗೆ ಗೇಣು ದೂರದಲ್ಲಿ ಆಡುವ ಮಾತು ತಿಳಿಯದೆ ಹೋಗಿತ್ತು. ಮಳೆ ಎಷ್ಟಾಯಿತು ಎಂದಳು. ಹೇಳಿದೆ. ಚಹಾ ಮುಗಿಸಿದೆವು.

"ಹರಗೋಲ ಬಿಡ್ತೇನ?" ಎಂದು ಕೇಳಿದಳು.

"ಇಲ್ಲ. ದೋಣಿ ಕೂಡ ಲಾರಿ ಮ್ಯಾಲೆ ಹೋತು."

"ಬಾಯಿ ಮ್ಯಾಲೆ ಮಾಡಿ?"

"ಹೂಂ."

"ನಾನೂ ಹಂಗ ಬಂದೆ. ಮುಂದ ದಾರ್ಯಾಗ ಟೆಂಪೋದಾಗ ಅಂಗಾತ ಮಲಗಿಸಿದ್ರು" ಎಂದು ತೊಡೆ ಬಡಿದುಕೊಂಡಳು.

ನಾನು ಸೂಜಿಯ ಬಟ್ಟೆ ತೆಗೆದೆ. ಮಗಳು ಮಗ್ಗದ ಹತ್ತಿರದಿಂದ, "ಅವ್ವ ಈಗ ಹೊಲಿಯೂದಿಲ್ರಿ. ಬಿಡಿಸೇವಿ. ಕಣ್ಣಿಗೆ ತ್ರಾಸ" ಎಂದಳು. ಬಟ್ಟೆಯನ್ನು ಮಡಚಿದೆ. ಗೆಳತಿ ಕೈ ಚಾಚಿ, ತಡಕಾಡಿ ನನ್ನ ಕೈಯಿಂದ ಅದನ್ನು ಎಳೆದುಕೊಂಡಳು. ಬೆರಳು ಆಡಿಸಿ ಒಂದೊಂದಾಗಿ ಮುಟ್ಟುತ್ತ ಹೋದಳು. ಹನ್ನೆರಡೂ ಇವೆ ಎಂದು ಗೊತ್ತಾದ ಮೇಲೆ ತಲೆದಿಂಬಿನ ಅಡಿಗೆ ಇಟ್ಟುಕೊಂಡಳು.

"ಮೂರ ದಿನಕ್ಕ ಆಕ್ಕಾವು" ಎಂದಳು.

ರೋಣದ ಬಸ್ಸಿನ ಹೊತ್ತಾಗಿತ್ತು. ಎದ್ದು ಬಂದೆ.